ಸುಣ್ಣದ ಗೆರೆ, ವಿಭೂತಿಯ ಗೆರೆ

ಚಿಗವ್ವನ ಪಿಕಪ್ಪಿನ ನಡುಕ ಹೋದದ್ದು ನಿಂಬೆಹಣ್ಣಿನಿಂದ ಎಂದು ನಮ್ಮ ಓಣಿ ನಂಬಿದೆ. ಸತ್ತವನ ಜೀಪಿನಿಂದ ಬಿಚ್ಚಿ ತಂದ ಹೌಸಿಂಗ್ ಕೂರಿಸಿದರು, ಗಾಡಿ ಚಳಿಜ್ವರ ಬಂದವರ ಹಾಗೆ ನಡುಗಿತು, ಶುಕ್ರವಾರ ಕಾಕಾ ನಿಂಬೆಹಣ್ಣು ಕಟ್ಟಿದ, ನಡುಕ ನಿಂತಿತು. ಕತೆ ಚಿಕ್ಕದು, ಹೇಳಲು ಸಲೀಸು. ಹರಪನಹಳ್ಳಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ನಿಂತು ನಾನು ಕಲಿತದ್ದೇನಾದರೂ ಇದ್ದರೆ ಇಷ್ಟೇ: ಇಷ್ಟು ಸಲೀಸಾಗಿ ಬಾಯಿಗೆ ಬರುವ ಕತೆಯಲ್ಲಿ ಯಾರೋ ಏನನ್ನೋ ಬಿಟ್ಟಿರುತ್ತಾರೆ. ಶುಕ್ರವಾರ ನಿಂಬೆಹಣ್ಣು ಕಟ್ಟಿದ್ದು ನಿಜ. ಗುರುವಾರ ಏನಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಆ ಪಿಕಪ್ಪು ವಯಸ್ಸಿನಲ್ಲಿ ನನಗಿಂತ ಹಿರಿಯದು. ಓಡಿಸುವವಳು ಚಿಗವ್ವ. ಮಾಗಳದ ಕಡೆಯ ತೋಟಗಳಿಂದ ಮಲ್ಲಿಗೆ ತುಂಬಿಕೊಂಡು ಹರಪನಹಳ್ಳಿ, ಕೊಟ್ಟೂರಿನ ಹೂವಿನ ಅಂಗಡಿಗಳಿಗೆ ಮುಟ್ಟಿಸುವುದು ಅವಳ ಕೆಲಸ. ಅವಳ ಗಂಡ, ನಮ್ಮ ಕಾಕಾ, ಮೆಕ್ಕೆಜೋಳದ ವ್ಯಾಪಾರದವನು. ಹೆಂಡತಿ ಸ್ಟೇರಿಂಗ್ ಹಿಡಿಯುವುದು ಅವನಿಗೆ ಎಂದೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ, ಆದರೆ ಬೇಡ ಎನ್ನಲು ಗಟ್ಟಿ ಕಾರಣವೂ ಸಿಕ್ಕಿರಲಿಲ್ಲ.

ಹಿಂದಿನ ಎರಡು ಗಾಲಿಗಳ ನಡುವಿನ ದಪ್ಪ ಕಬ್ಬಿಣದ ಕೊಳವೆಗೆ ನಮ್ಮಲ್ಲಿ ಹೌಸಿಂಗ್ ಎನ್ನುತ್ತಾರೆ. ಗಾಲಿ ತಿರುಗಿಸುವ ಹಲ್ಲಿನ ಚಕ್ರಗಳು ಅದರ ಹೊಟ್ಟೆಯಲ್ಲಿರುತ್ತವೆ. ಪಿಕಪ್ಪಿನ ಆ ಹಲ್ಲುಗಳು ಸವೆದು, ಹುರಿಗಡಲೆ ಅಗಿದ ಹಾಗೆ ಸದ್ದು ಮಾಡತೊಡಗಿದ್ದವು. ಅಷ್ಟು ಹಳೆಯ ಗಾಡಿಯ ಹಲ್ಲು ಯಾವ ಅಂಗಡಿಯಲ್ಲೂ ಸಿಗದೆ, ಗಾಡಿ ರಿಪೇರಿಯ ನಮ್ಮ ಮಿಸ್ತ್ರಿ ಕೂಡ್ಲಿಗಿಯ ಗುಜರಿಯಿಂದ ಪಲ್ಟಿ ಹೊಡೆದ ಜೀಪೊಂದರ ಹೌಸಿಂಗ್ ಇಡಿಯಾಗಿ ತಂದ. ಹಿತ್ತಲಿನ ಬೇವಿನ ಮರದ ಕೆಳಗೆ ಕೆಲಸ ಶುರುವಾಯಿತು.

ಹೌಸಿಂಗ್ ಕೂರಿಸುವುದು ತೋಳ್ಬಲದ ಕೆಲಸ. ನನಗೆ ಕುತೂಹಲ ಹುಟ್ಟಿಸಿದ್ದು ಶಾಫ್ಟು, ಅಂದರೆ ಗಿಯರ್ ಬಾಕ್ಸಿನಿಂದ ಹೌಸಿಂಗಿನವರೆಗೆ ಹೋಗುವ ಉದ್ದನೆಯ ಕಂಬಿ. ಅದು ಎರಡು ತುಂಡು. ರಸ್ತೆಯ ಕುಣಿಯಲ್ಲಿ ಗಾಲಿ ಎದ್ದು ಬಿದ್ದಾಗ ಉದ್ದ ಹೆಚ್ಚು ಕಮ್ಮಿ ಆಗಲೆಂದು ಒಂದು ಇನ್ನೊಂದರೊಳಗೆ ಹಲ್ಲಿಗೆ ಹಲ್ಲು ಕೂತು ಜಾರುತ್ತದೆ. ಎರಡೂ ತುದಿಗೆ ಕವೆಯಂಥ ಬಾಯಿ, ಆ ಬಾಯಲ್ಲಿ ಕೂಡಿಸುವ ಚಿಹ್ನೆಯಂಥ ಒಂದು ಕ್ರಾಸ್. ಎರಡು ಕವೆಗಳೂ ಒಂದೇ ಸಾಲಿಗೆ ಮುಖ ಮಾಡಿರಬೇಕು. ಯಾಕೆ ಎಂದು ಮಿಸ್ತ್ರಿಯನ್ನು ಕಾಡಿದೆ. ಅವನು ಎರಡು ಕೈಯನ್ನೂ ತಿರುವಿ ತೋರಿಸಿದ. ಮುಂದಿನ ಕ್ರಾಸು ಒಂದೊಂದು ಸುತ್ತಿನೊಳಗೇ ಶಾಫ್ಟನ್ನು ಒಮ್ಮೆ ಓಡಿಸುತ್ತದೆ, ಒಮ್ಮೆ ತಡೆಯುತ್ತದೆ. ಆ ತಪ್ಪನ್ನು ಹಿಂದಿನದು ತಿದ್ದುತ್ತದೆ. ಸಾಲು ತಪ್ಪಿದರೆ ತಿದ್ದುವ ಬದಲು ಅದೂ ತಪ್ಪಿಗೇ ಸೇರಿಕೊಳ್ಳುತ್ತದೆ. ಒಂದು ತಪ್ಪನ್ನು ಇನ್ನೊಂದು ತಪ್ಪು ಅಳಿಸಿ ಗಾಡಿ ನೆಟ್ಟಗೆ ಓಡುವುದು ನನಗೆ ಬಹಳ ಹಿಡಿಸಿತು.

ಶಾಫ್ಟಿನ ತುಂಡುಗಳನ್ನು ಬೇರೆ ಮಾಡುವ ಮೊದಲು ಮಿಸ್ತ್ರಿ ಎಲೆ ಅಡಿಕೆಯ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಉಗುರಿನಿಂದ ಎರಡರ ಮೇಲೂ ಹಾಯುವಂತೆ ಒಂದು ಗೆರೆ ಎಳೆದ. ಜೋಡಿಸುವಾಗ ಗೆರೆಗೆ ಗೆರೆ ಕೂಡಿಸಿದರೆ ಆಯಿತು. ಗಾಡಿಯ ಕೆಳಗೆ ಮಲಗಿದವನ ಕಣ್ಣಿಗೆ ಒಂದು ಹಲ್ಲಿನ ವ್ಯತ್ಯಾಸ ಕಾಣುವುದಿಲ್ಲವಂತೆ. ಸವೆದ ಕ್ರಾಸಿನ ಬದಲಿಗೆ ಹೊಸದು ಹರಪನಹಳ್ಳಿಯಿಂದ ಬರುವುದು ತಡವಾಗಿ ತುಂಡುಗಳು ಗೋಣಿಚೀಲದ ಮೇಲೆ ಉಳಿದವು. ಮಿಸ್ತ್ರಿ ಮರುದಿನ ಬಂದು ಕ್ರಾಸು ಹೊಡೆದು ಕೂರಿಸಿ, ಗೆರೆಗೆ ಗೆರೆ ಕೂಡಿಸಿ, ಬೋಲ್ಟು ಬಿಗಿದು ಹೋದ.

ಗಾಡಿ ಊರೊಳಗೆ ಸುಮ್ಮನಿತ್ತು. ಕೊಟ್ಟೂರಿನ ರಸ್ತೆಗೆ ಬಿದ್ದು ವೇಗ ಹಿಡಿದದ್ದೇ ತಡ, ಸೀಟಿನ ಕೆಳಗಿಂದ ನಡುಕ ಎದ್ದಿತು. ಅವತ್ತು ಪಕ್ಕದಲ್ಲಿ ಕೂತವನು ಕಾಕಾ. ಮನೆಗೆ ಬಂದವನೇ ಚಾವಿ ಕಸಿದುಕೊಂಡು ತೀರ್ಪು ಕೊಟ್ಟ. ಅದು ಸತ್ತವನ ಜೀಪಿನ ಹೌಸಿಂಗು, ಹೆಂಗಸಿನ ಕೈಗೆ ಒಗ್ಗುವುದಿಲ್ಲ, ಹೊಸಹಳ್ಳಿಯಿಂದ ಒಬ್ಬ ಡ್ರೈವರನನ್ನು ಕರೆಸುತ್ತೇನೆ, ನೀನು ಮನೆಯಲ್ಲಿರು. ಅಂತೂ ಅವನಿಗೆ ಕಾರಣ ಸಿಕ್ಕಿತ್ತು. ಚಿಗವ್ವ ಹೂವಿನವರು ಫೋನು ಮಾಡಿದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗಿ ಮಾತಾಡತೊಡಗಿದಳು.

ನಾನು ಮೊದಲು ಸತ್ತವನನ್ನು ಹುಡುಕಿದೆ. ಗುಜರಿಯವನನ್ನು ಕೇಳಿದರೆ ಜೀಪು ಕೊಟ್ಟೂರಿನವನದು ಎಂದ. ಕೊಟ್ಟೂರಿಗೆ ಹೋದರೆ ಸತ್ತವನು ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಕರಿಯುತ್ತಿದ್ದ. ಪಲ್ಟಿಯಲ್ಲಿ ಹೆಗಲಿನ ಮೂಳೆ ಮುರಿದದ್ದು ಬಿಟ್ಟರೆ ಅವನಿಗೆ ಏನೂ ಆಗಿರಲಿಲ್ಲ. ವಿಷಯ ಹೇಳಿದೆ.

"ನಾ ಸತ್ತದ್ದು ಯಾವತ್ತಂತ?" ಎಂದು ಬಾಣಲೆಯಲ್ಲಿ ತೂತಿನ ಸೌಟು ತಿರುವುತ್ತ ಕೇಳಿದ. "ದಿನ ಗೊತ್ತಾದ್ರ ಹೇಳವ್ವ, ತಿಥಿ ಊಟಕ್ಕ ನಾನೂ ಬರತೀನಿ."

ಅವನ ಕೈಯ ಮಿರ್ಚಿ ತಿಂದು, ಕಾಕಾನಿಗೂ ಕಟ್ಟಿಸಿಕೊಂಡು ಬಂದೆ. ಕಾಕಾ ಮಿರ್ಚಿ ತಿನ್ನುತ್ತಲೇ ಎಲ್ಲವನ್ನೂ ಕೇಳಿ, "ಹಂಗಾದ್ರ ಆ ಜೀಪಿನಾಗ ಬ್ಯಾರೆ ಯಾರೋ ಸತ್ತಿರಬೇಕು" ಎಂದ.

ಗುರುವಾರ ಮಿಸ್ತ್ರಿ ಮತ್ತೆ ಬಂದ. ಗಾಲಿ ನೋಡಿದ, ಬೋಲ್ಟು ನೋಡಿದ, ಹೌಸಿಂಗ್ ಹಿಡಿದು ಅಲುಗಿಸಿದ. ಎಲ್ಲ ಸರಿ. ಶಾಫ್ಟಿನ ಸಾಲು ಎಂದೆ. ಅದನ್ನು ಮಾತ್ರ ಕೇಳಬೇಡ, ಗೆರೆ ನೋಡಿಯೇ ಕೂಡಿಸಿದ್ದೇನೆ ಎಂದ. ನಾನೂ ಗಾಡಿಯ ಕೆಳಗೆ ತೂರಿ ಅವನ ಪಕ್ಕ ಮಲಗಿದೆ. ನಿಜ, ಎರಡು ತುಂಡುಗಳ ಮೇಲಿನ ಬಿಳಿ ಗೆರೆ ಮಾಸಿದ್ದರೂ ಒಂದಕ್ಕೊಂದು ಕೂಡಿಕೊಂಡಿತ್ತು. ನೋಡೋಣವೆಂದು ಬೆರಳಿಟ್ಟೆ. ಒಣಗಿದ ಸುಣ್ಣವಾದರೆ ಕೆರೆದರೂ ಸುಲಭಕ್ಕೆ ಬಿಡುವುದಿಲ್ಲ. ಇದು ಬೆರಳಿಗೆ ಮೆತ್ತಗೆ ಬಂದುಬಿಟ್ಟಿತು. ಮೂಸಿದೆ. ನಮ್ಮ ದೇವರ ಜಗುಲಿಯ ವಾಸನೆ.

ಮಿಸ್ತ್ರಿಯ ಮೂಗಿಗೆ ಬೆರಳು ಹಿಡಿದೆ. ಅವನು ಮೂಸಿ, ಗೆರೆಯನ್ನು ತಾನೂ ಉಗುರಿನಿಂದ ಕೆರೆದು ನೋಡಿ, "ಇದು ನನ್ನ ಗೆರಿ ಅಲ್ಲ" ಎಂದ.

ಚಿಗವ್ವನನ್ನು ಕರೆದು ಕೇಳಿದಾಗ ಅವಳಿಗೆ ನಮ್ಮ ಮುಖ ನೋಡಿಯೇ ಆಶ್ಚರ್ಯ.

"ಅಮಾಸಿ ಇತ್ತಲ್ಲ ಅವತ್ತು. ಗಾಡಿ ಬಿಚ್ಚಿ ಹಾಕ್ಯಾರ ಅಂತ ಪೂಜಿ ಬಿಡಾಕ ಬರತೈತೇನು? ಜಿಡ್ಡು ತೊಳದು, ಒಂದೊಂದು ಸಾಮಾನಿಗೂ ಇಬತ್ತಿ ಹಚ್ಚಿದೆ."

ಅವಳು ತೊಳೆದಾಗ ಮಿಸ್ತ್ರಿಯ ಸುಣ್ಣ ಇನ್ನೂ ಒಣಗದೆ ಜಿಡ್ಡಿನ ಜೊತೆಗೇ ಹೋಗಿತ್ತು. ವಿಭೂತಿಯನ್ನು ಮೂರು ಬೆರಳಿನಿಂದ ಶಾಫ್ಟಿನ ಉದ್ದಕ್ಕೆ ಎಳೆದಿದ್ದಳು, ಎರಡು ತುಂಡಿಗೂ ಬೇರೆ ಬೇರೆ. ಗೋಣಿಗೆ ಉಜ್ಜಿ ಅಕ್ಕಪಕ್ಕದವು ಹೋಗಿ, ನಡುಬೆರಳು ಒತ್ತಿದ ಗೆರೆಯೊಂದೇ ಉಳಿದಿತ್ತು. ಅದನ್ನೇ ತನ್ನ ಸುಣ್ಣವೆಂದು ತಿಳಿದು ಮಿಸ್ತ್ರಿ ಭಕ್ತಿಯಿಂದ ಕೂಡಿಸಿದ್ದ. ಈಗ ಬಿಚ್ಚಿ, ಕವೆಗಳ ಮೇಲೆ ನೆಟ್ಟನೆಯ ಪಟ್ಟಿ ಇಟ್ಟು ನೋಡಿದರೆ ಒಂದೇ ಒಂದು ಹಲ್ಲು ತಪ್ಪಿತ್ತು. ಸರಿ ಮಾಡಿ ಬೋಲ್ಟು ಬಿಗಿದ. ಹೋಗುವಾಗ ನನ್ನನ್ನು ಕರೆದು ಮೆಲ್ಲಗೆ ಹೇಳಿದ: "ತಂಗಿ, ಖರೇ ಹೇಳಾಕ ಹೋಗಬ್ಯಾಡ. ಹೇಳಿದ್ರ ಅಕ್ಕಾರಿಗೆ ಚಾವಿ ತಿರಗಿ ಸಿಗಂಗಿಲ್ಲ." ನಿಜ ಹೇಳುವುದಕ್ಕೆ ಮುಂಚೆ ಅದು ಯಾರ ಕೈಗೆ ಆಯುಧವಾಗುತ್ತದೆ ಎಂದು ಯೋಚಿಸಿದ್ದು ನನಗೆ ಅದೇ ಮೊದಲು. ಸುಮ್ಮನಿರಲು ಒಪ್ಪಿದೆ.

ಶುಕ್ರವಾರ ಕಾಕಾ ನಿಂಬೆಹಣ್ಣು ಕಟ್ಟಿ, ಚಾವಿಯನ್ನು ಮಿಸ್ತ್ರಿಯ ಕೈಗೆ ಕೊಟ್ಟು ತಾನು ಪಕ್ಕದಲ್ಲಿ ಕೂತ. ಚಿಗವ್ವ ತನ್ನದೇ ಗಾಡಿಯ ಹಿಂದೆ, ಬುಟ್ಟಿ ಇಡುವ ಜಾಗದಲ್ಲಿ, ನನ್ನ ಜೊತೆ ಕಂಬಿ ಹಿಡಿದು ನಿಂತಳು. ಹಡಗಲಿಯ ರಸ್ತೆಯಲ್ಲಿ ಮಿಸ್ತ್ರಿ ವೇಗ ಏರಿಸಿದ. ಅವಳು ಚಪ್ಪಲಿ ಬಿಟ್ಟು ಬರಿಗಾಲನ್ನು ತಗಡಿಗೆ ಊರಿ, ಕಣ್ಣು ಮುಚ್ಚಿದಳು. ನಡುಕ ಇರಲಿಲ್ಲ.

ಗಾಡಿ ನಿಂತಿತು. ಕಾಕಾ ಇಳಿದು ನಿಂಬೆಹಣ್ಣನ್ನು ಹೊಗಳಿದ. ಬರುವ ವಾರ ನಮ್ಮ ಟ್ರ್ಯಾಕ್ಟರನ್ನೂ ನೋಡಿಬಿಡು ಎಂದು ಮಿಸ್ತ್ರಿಗೆ ಹೇಳಿದ. ಹಿಂದಿನಿಂದ ಚಿಗವ್ವ ಮಾತಾಡಿದಳು.

"ನಿಂಬಿಹಣ್ಣಲ್ರಿ. ಮಿಸ್ತ್ರಿ ಹಾಕಿದ್ದ ಗುರ್ತು ಪೂಜಿ ಮಾಡಾಕ ಹೋಗಿ ನಾನ ತೊಳದಿದ್ದೆ. ನಿನ್ನಿ ಸರಿ ಮಾಡ್ಯಾರ."

ಕಾಕಾ ಅವಳನ್ನೇ ನೋಡಿದ. "ಅಂದ್ರ ಗಾಡಿ ನಡುಗಿಸಿದಾಕಿ ನೀನ ಆತು. ನಾ ಹೇಳಿದ್ದ ಖರೇ ಆತಲ್ಲ. ಸೋಮವಾರ ಹೊಸಹಳ್ಳಿಯಾಂವ ಬರತಾನ."

ಆಗ ಮಿಸ್ತ್ರಿ ಕೆಮ್ಮಿ, ತೊಳೆದದ್ದು ಅಕ್ಕಾರು ಇರಬಹುದು, ವಿಭೂತಿಯನ್ನು ಸುಣ್ಣ ಅಂದುಕೊಂಡು ತಪ್ಪಿ ಜೋಡಿಸಿದ್ದು ತಾನು ಎಂದ. ಕಾಕಾ ನಕ್ಕು ಅವನ ಬೆನ್ನು ತಟ್ಟಿದ. "ಇರಲಿ ಬಿಡೋ. ಎಷ್ಟು ದೊಡ್ಡ ಮಿಸ್ತ್ರಿ ಆದ್ರೂ ಯಾವಾಗರ ಒಮ್ಮೆ ಆಗತೈತಿ."

ನಾನು ಗಾಡಿಯ ಮೇಲಿಂದ ಇಳಿದು ಕಾಕಾನ ಎದುರು ನಿಂತೆ.

"ಕಾಕಾ, ಮಿಸ್ತ್ರಿಗೆ ಯಾವಾಗರ ಒಮ್ಮೆ ಆಗತೈತಿ ಅಂದಿ. ಚಿಗವ್ವಗ ಯಾಕ ಆಗಬಾರದು?"