ಮೇಲ್ಮನೆಯವರ ಮುಹೂರ್ತ

ದೆಹಲಿಯ ಲೋಧಿ ಕಾಲೋನಿಯಲ್ಲಿ ನಮ್ಮ ಮೇಲಿನ ಮಹಡಿಯ ಮನೆಯವರು ನನ್ನ ಪಂಚಾಂಗ ಕಂಡರೆ ನಗುತ್ತಿದ್ದರು. ಅವರ ಜೇಬಿನಲ್ಲಿ ಮಾತ್ರ ಸದಾ ನೆಹರೂ ಪ್ಲೇಸ್ ಕಂಪ್ಯೂಟರ್ ಅಂಗಡಿಗಳ ದರಪಟ್ಟಿ. ಮಗಳ ಓದಿಗೆಂದು ಬಿಡಿಭಾಗ ತಂದು ತಾವೇ ಕಂಪ್ಯೂಟರ್ ಜೋಡಿಸುವವರಿದ್ದರು. ಅದರ ಖಾಲಿ ಹೊರಡಬ್ಬವೊಂದು ಮಾತ್ರ ಬಂದು ವರ್ಷವಾಗಿತ್ತು.

"ತಡೀರಿ ಅಕ್ಕಾ, ಮುಂದಿನ ತಿಂಗಳು ರೇಟು ಇಳಿಯುತ್ತೆ" ಎನ್ನುತ್ತಿದ್ದರು, ನಾನು ಕೇಳಿದಾಗಲೆಲ್ಲ.

"ಪ್ರಾಜೆಕ್ಟಿಗೆ ಹದಿನೈದೇ ದಿನ ಇದೆ, ಅಪ್ಪಾ. ಅಬ್ ತೋ ಚಲೋ, ಈಗಲಾದ್ರೂ ಹೊರಡು!" ಎಂದು ಮಗಳು ಅತ್ತ ಶನಿವಾರ, ಬೆಳಿಗ್ಗೆ ಒಂಬತ್ತೂವರೆಗೆ ಅವರು ನಮ್ಮ ಬಾಗಿಲಿಗೆ ಬಂದರು.

"ಅಕ್ಕಾ, ಈಗ ಹೊರಟರೆ ಟೈಮ್ ಚೆನ್ನಾಗಿದೆಯಾ?"

ಆಗ ಅಪ್ಪಟ ರಾಹುಕಾಲ.

"ಇದಕ್ಕಿಂತ ಒಳ್ಳೆ ಮುಹೂರ್ತ ಇಲ್ಲ, ಹೊರಡಿ" ಎಂದುಬಿಟ್ಟೆ.

ಕಂಪ್ಯೂಟರ್ ಬಂತು, ಮಗಳ ಪ್ರಾಜೆಕ್ಟೂ ಮುಗಿಯಿತು. ಮರುತಿಂಗಳು ರೇಟು ನಿಜಕ್ಕೂ ಇಳಿಯಿತು.

"ಎಂಥ ಮುಹೂರ್ತ ಹೇಳಿಬಿಟ್ರಿ ಅಕ್ಕಾ!" ಎಂದು ತಲೆ ಚಚ್ಚಿಕೊಂಡರು.

ನಿಜ ಗೊತ್ತಿದ್ದದ್ದು ದೇವರಿಗೆ ಮತ್ತು ನನಗೆ. ಅವನ ದಯೆ, ಇಬ್ಬರೂ ಸುಮ್ಮನಿದ್ದೇವೆ.