ಸೂರಮ್ಮ ತಲೆಯೊಳಗೆ ಬಚ್ಚಿಟ್ಟ ಗಿಳಿ

ಮೊಳಕಾಲ್ಮೂರಿನ ಸೂರಮ್ಮ ಯಾರನ್ನೂ ಬೇಗ ನಂಬುವವರಲ್ಲ. ಅದಕ್ಕೆ ಕಾರಣ ಒಂದು ಗಿಳಿ. ಕತ್ತು ಹಿಂದಕ್ಕೆ ಬಾಗಿಸಿ ತನ್ನ ಬೆನ್ನನ್ನೇ ನೋಡಿಕೊಳ್ಳುವ ಆ ಜರಿಯ ಗಿಳಿ ಅವರ ಮಗ್ಗದ ರೇಷ್ಮೆ ಸೀರೆಯ ಅಂಚಿನಲ್ಲಿ ಮಾತ್ರ ಕೂರುತ್ತದೆ. ಅತ್ತೆ ಕಲಿಸಿದ್ದು. ಯಾವ ಎಳೆ ಎತ್ತಬೇಕು, ಯಾವುದನ್ನು ಬಿಡಬೇಕು ಎಂಬುದೆಲ್ಲ ಸೂರಮ್ಮನ ತಲೆಯಲ್ಲಷ್ಟೇ ಇದೆ. ಅತ್ತೆಯದೇ ಇನ್ನೊಂದು ಅಂಚು, ಹೂಬಳ್ಳಿಯದು, ಕೈತಪ್ಪಿ ಹೋಗಿತ್ತು. ಸೀರೆ ಕೊಳ್ಳುವವರಂತೆ ಬಂದ ಯಾರೋ ಅದರ ಫೋಟೊ ಹೊಡೆದುಕೊಂಡು ಹೋದರು. ಹಬ್ಬದ ಹೊತ್ತಿಗೆ ಅದು ಪವರ್‌ಲೂಮಿನಲ್ಲಿ ರಾಶಿರಾಶಿಯಾಗಿ ಬಂತು. ಅಂದಿನಿಂದ ಗಿಳಿ ಅಂಚು ಅಂಗಡಿಗೆ ಹೋಗುವುದಿಲ್ಲ, ಗುರುತಿನ ಮನೆಗಳ ಮದುವೆಗೆ ಮಾತ್ರ. ನೇಯುವಾಗ ಬಾಗಿಲು ಹಾಕಿರುತ್ತದೆ. ಸೊಸೆ ಆಶಾಗೂ ಕಲಿಸಿಲ್ಲ. ಆಶಾಳ ಅಣ್ಣಂದಿರು ರಾಜ್ಯದ ಗಡಿಯಾಚೆ ಪವರ್‌ಲೂಮ್ ಇಟ್ಟುಕೊಂಡವರು.

ಈ ಚಳಿಗಾಲದಲ್ಲಿ ಆರೋಗ್ಯ ಕೇಂದ್ರದ ಗೀತಮ್ಮ ಮನೆಗೆ ಬಂದರು.

"ವಯಸ್ಸಾದೋರ ಮಿದುಳು ಹೆಂಗೆ ಬದಲಾಗ್ತೈತೆ ಅಂತ ಬೆಂಗಳೂರಿನೋರು ನೋಡ್ತಾರಂತೆ. ಚಳ್ಳಕೆರೇಲಿ ಸ್ಕ್ಯಾನು. ಬಸ್ ಚಾರ್ಜು, ಊಟ ಎಲ್ಲಾ ಅವರದೇ."

"ನನ್ ತಲೆ ನೋಡಿ ಅವರಿಗೇನು ಬರ್ತೈತೆ?" ಎಂದರು ಸೂರಮ್ಮ.

ಗಂಡ ಯರ್ರಪ್ಪ ನಕ್ಕರು. "ಮದ್ವೆ ಆದಾಗಿಂದ ನಾನೂ ನೋಡ್ತಾ ಇದೀನಿ, ಏನೂ ಸಿಕ್ಕಿಲ್ಲ. ಅವರೂ ನೋಡ್ಲಿ ಬಿಡು."

ಈಚೆಗೆ ಸೂರಮ್ಮನ ಕೈಯಿಂದ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಅದನ್ನು ಆಶಾ ನಾಲ್ಕು ಜನರೆದುರು ಎತ್ತಿ ಆಡಿದ್ದಳು. ಅವಳ ಬಾಯಿ ಮುಚ್ಚಿಸಲೆಂದೇ ಸೂರಮ್ಮ ಗಂಡನ ಜೊತೆ ಹೊರಟರು.

ಚಳ್ಳಕೆರೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ರಂಜಿತಾ ಎಂಬ ಸಂಶೋಧಕಿ, ವಯಸ್ಸಿನಲ್ಲಿ ಆಶಾಗಿಂತ ಚಿಕ್ಕವಳು, ಕಂಪ್ಯೂಟರಿನಲ್ಲಿ ಇನ್ನಾರದೋ ಮಿದುಳಿನ ಚಿತ್ರ ತೆರೆದಳು.

"ಇಲ್ಲಿ ನೋಡಿ ಅಮ್ಮ, ಕಿವಿಯ ನೇರಕ್ಕೆ ಒಳಗಡೆ. ಇದಕ್ಕೆ ಹಿಪೊಕ್ಯಾಂಪಸ್ ಅಂತಾರೆ. ಹೊಸ ನೆನಪು ನಿಲ್ಲೋಕೆ ಇದು ಬೇಕು. ವಯಸ್ಸಾದಂತೆ ಸ್ವಲ್ಪ ಸ್ವಲ್ಪ ಸಣ್ಣದಾಗುತ್ತೆ. ಯಾರಲ್ಲಿ ಎಷ್ಟು ಅಂತ ಅಳೀತೀವಿ. ಒಂದೆರಡು ವರ್ಷ ಬಿಟ್ಟು ಮತ್ತೆ ಕರೀತೀವಿ."

ಸೂರಮ್ಮನಿಗೆ ಮುಂದಿನದು ಕೇಳಿಸಲಿಲ್ಲ. ಬೂದು ಮಡಿಕೆಗಳ ನಡುವೆ ಒಂದು ಸಣ್ಣ ಆಕಾರ ಕತ್ತು ಹಿಂದಕ್ಕೆ ಬಾಗಿಸಿ ಕೂತಿತ್ತು.

"ಇದು ಯಾರ ತಲೆ?"

"ಹೆಸರು ಹೇಳೋ ಹಾಗಿಲ್ಲಮ್ಮ."

"ಎಲ್ಲಾರ ತಲೇಲೂ ಇದು ಇರ್ತೈತಾ?"

"ಎಲ್ಲರಿಗೂ. ಎರಡೂ ಕಡೆ."

ಸುಳ್ಳು, ಎಂದುಕೊಂಡರು ಸೂರಮ್ಮ. ಎಲ್ಲರ ತಲೆಯಲ್ಲಿದ್ದರೆ ಇಷ್ಟು ದಿನ ಯಾರೂ ಯಾಕೆ ನೇಯಲಿಲ್ಲ? ತಾಳಿ, ಕಾಲುಂಗುರ ಬಿಚ್ಚಿ ಗಂಡನ ಕೈಗೆ ಕೊಡುವಾಗ ರಂಜಿತಾ ಮತ್ತೂ ಕೇಳಿದಳು: "ಸೀರೇಲಿ ಜರಿ ಇದೆಯಾ? ಜರಿ ಲೋಹ, ಇದ್ರೆ ಒಳಗೆ ಬಿಡಲ್ಲ." ಇವಳಿಗೆ ಜರಿಯ ವಿಚಾರ ಯಾಕೆ? ಅನುಮಾನ ಗಟ್ಟಿಯಾಯಿತು.

ಯಂತ್ರದ ಒಳಗೆ ಬಡಿತ ಶುರುವಾಯಿತು, ಹದ ತಪ್ಪಿದ ಮಗ್ಗದಂತೆ. ಕಣ್ಣ ಮುಂದಿನ ಕನ್ನಡಿಯಲ್ಲಿ, ನೆನಪಿಟ್ಟುಕೊಳ್ಳಬೇಕಾದ ಚಿತ್ರಗಳು ಒಂದೊಂದಾಗಿ ಬಂದವು. ಕೊಡೆ. ಬೀಗ. ಕುದುರೆ. ಮಾವಿನಕಾಯಿ. ಆಮೇಲೆ ಒಂದು ಗಿಳಿ.

ಸೂರಮ್ಮನಿಗೆ ಅವರ ಹಂಚಿಕೆ ಹೊಳೆಯಿತು. ಗಿಳಿ ತೋರಿಸಿದರೆ ತಲೆಯೊಳಗಿನ ಗಿಳಿ ಎದ್ದು ಬರುತ್ತದೆ, ಬಂದ ಕೂಡಲೇ ಫೋಟೊ. ಅವರು ಬೆಳಿಗ್ಗೆ ಬಸ್ಸಿಗೆ ಅಡ್ಡ ಬಂದ ಕುರಿಮಂದೆಯನ್ನು ನೆನೆದರು. ಬರೀ ಕುರಿಗಳು. ಅಂಚಿನ ಒಂದೆಳೆಯೂ ಮನಸ್ಸಿಗೆ ಬಾರದಂತೆ ಕಾವಲು ಕೂತರು.

ಹೊರಗೆ ಬಂದ ಮೇಲೆ ರಂಜಿತಾ ಕೇಳಿದಳು: "ಏನೇನು ಚಿತ್ರ ನೋಡಿದಿರಿ ಅಮ್ಮ?"

"ನೆನಪಿಲ್ಲಮ್ಮ."

"ಒಂದಾದರೂ?"

"ಒಂದೂ ಇಲ್ಲ."

ರಂಜಿತಾ ಯರ್ರಪ್ಪನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡಿದಳು. ಇದು ಕಾಯಿಲೆ ಅಂತಲ್ಲ, ಇವತ್ತಿನ ಉತ್ತರ ಮಾತ್ರ ತೀರಾ ಕಡಿಮೆ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದಳು.

ಬಸ್ಸು ಊರು ದಾಟಿದ ಮೇಲೆ ಯರ್ರಪ್ಪ ಬಾಯಿ ಬಿಟ್ಟರು. "ಇನ್ನ ಸಾಕು. ಗಿಳಿ ಅಂಚು ಆಶಾಗೆ ಕಲ್ಸು. ನೀನು ಮರ್ತರೆ ಅದು ಅಲ್ಲಿಗೇ ಮುಗೀತು."

ಸೂರಮ್ಮ ಸೆರಗು ಬಾಯಿಗಿಟ್ಟು ನಕ್ಕರು. "ನಾನು ಬೇಕಂತ್ಲೇ ಹೇಳ್ಲಿಲ್ಲ ಕಣ್ರಿ. ಅವರು ಗಿಳಿ ಕದಿಯಾಕೆ ಕೂತಿದ್ರು."

"ಹಂಗಾರೆ ಈಗ ಹೇಳು. ಕೇಳ್ತೀನಿ."

"ಕೊಡೆ. ಬೀಗ. ಕುದುರೆ. ಮಾವಿನಕಾಯಿ. ಗಿಳಿ."

"ಆಮೇಲೆ?"

"ಆಮೇಲೆ..."

ಆಮೇಲೆಯೂ ಚಿತ್ರಗಳು ಇದ್ದವು. ಸುಮಾರು ಇದ್ದವು.

"ಕಣ್ಣು ಮುಚ್ಕಂಡಿದ್ಯೇನೆ?"

"ಇಲ್ಲ. ನೋಡ್ದೆ. ಎಲ್ಲಾ ನೋಡ್ದೆ."

ಸೂರಮ್ಮ ಕಿಟಕಿಯತ್ತ ತಿರುಗಿದರು. ಕುರಿಗಳನ್ನು ನೆನೆಯುತ್ತಿದ್ದುದರಿಂದ ಹೀಗಾಯಿತೇ, ಅಥವಾ ಕುರಿಗಳಿಲ್ಲದಿದ್ದರೂ ಹೀಗೇ ಆಗುತ್ತಿತ್ತೇ? ಕೇಳಿ ತಿಳಿಯಲು ಅವರ ತಲೆಯೊಳಗೆ ಅವರಲ್ಲದೆ ಬೇರೆ ಯಾರೂ ಇರಲಿಲ್ಲ. ಮಡಿಲಲ್ಲಿ ಬೆರಳುಗಳನ್ನು ಆಡಿಸುತ್ತ ಅಂಚನ್ನು ಮೊದಲಿನಿಂದ ಎತ್ತುತ್ತ ಹೋದರು. ಕಾಲು ಬಂತು, ರೆಕ್ಕೆ ಬಂತು. ಕತ್ತು ಬಾಗುವಲ್ಲಿ ಬೆರಳು ನಿಂತವು. ಒಂದು ಕ್ಷಣ ಅಷ್ಟೇ, ಮತ್ತೆ ನಡೆದವು. ಆದರೆ ನಿಂತದ್ದನ್ನು ಅವರು ಕಂಡಿದ್ದರು.

ಮರುದಿನ ಅಡುಗೆ ಮುಗಿಸಿ ಬಂದ ಆಶಾಳನ್ನು ಮಗ್ಗದ ಹತ್ತಿರ ಕರೆದರು.

"ಆ ಕಡೆ ಕೂತ್ಕ. ಗಿಳಿ ಅಂಚು."

ಆಶಾ ಕೂರದೆ ನಿಂತಳು. "ನಮ್ಮಣ್ಣಂದಿರ್ಗೆ ಹೇಳ್ಬಿಡ್ತೀನಿ ಅಂತ ಭಯ ಇಲ್ವಾ ಅತ್ತೆ?"

"ಐತೆ," ಎಂದರು ಸೂರಮ್ಮ. "ಕೂತ್ಕ."

ಸೊಸೆಯ ಮುಖದಿಂದ ಕಣ್ಣು ತೆಗೆಯದೆ ಮೊದಲ ಎಳೆಯನ್ನು ಎತ್ತಿ ತೋರಿಸಿದರು.