ಶಾಹಿದಾ ಆಂಟಿಯ ಕೆಂಪು ಪೆನ್ನು

ಮಿಷಿಗನ್ನಿನ ಚಳಿಯಲ್ಲಿ ಮೂಗು ಕೆಂಪಗೆ ಮಾಡಿಕೊಂಡು ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದ ದಿನಗಳವು. ಎರಡು ಸಾವಿರದ ಇಸವಿಯ ಆಸುಪಾಸು. ಅಪ್ಪನಿಗೆ ವಾರೆನ್‌ನಲ್ಲಿ ಕಾರು ಕಂಪನಿಯ ಕೆಲಸ, ನಮ್ಮ ವಾಸ ಫಾರ್ಮಿಂಗ್ಟನ್ ಹಿಲ್ಸ್‌ನ ಅಪಾರ್ಟ್‌ಮೆಂಟಿನಲ್ಲಿ. ಮೈಸೂರಿನ ಕನ್ನಡ ಶಾಲೆಯಲ್ಲಿ ಮೂರನೆಯ ಕ್ಲಾಸು ಮುಗಿಸಿ ಬಂದಿದ್ದ ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಉಳಿದ ಮಕ್ಕಳೆಲ್ಲ ಸಂಗೀತದ ಪಿರಿಯಡ್‌ನಲ್ಲಿ ರೆಕಾರ್ಡರ್ ಎಂಬ ಪ್ಲಾಸ್ಟಿಕ್ ಕೊಳಲು ಊದುವಾಗ ನನ್ನನ್ನು ಮಾತ್ರ ಇಂಗ್ಲಿಷ್ ಕಲಿಯಲು ಪಕ್ಕದ ಚಿಕ್ಕ ಕೋಣೆಗೆ ಕಳಿಸುತ್ತಿದ್ದರು. ಗೋಡೆಯಾಚೆಯ ಆ ಪೀಪೀ ಕೇಳಿ ನನಗೆ ಹೊಟ್ಟೆ ಉರಿಯುತ್ತಿತ್ತು. ವ್ಯಾಕರಣದ ಪರೀಕ್ಷೆ ಪಾಸಾದರೆ ಸಂಗೀತಕ್ಕೆ ಹೋಗಬಹುದೆಂದು ಟೀಚರ್ ಹೇಳಿದ್ದರು.

ಪಾಠ ಹೇಳಲು ಸಿಕ್ಕವರು ಎದುರುಮನೆಯ ಶಾಹಿದಾ ಆಂಟಿ. ಗದಗಿನಲ್ಲಿ ಹನ್ನೆರಡು ವರ್ಷ ಕನ್ನಡ ಶಾಲೆಯ ಟೀಚರಾಗಿದ್ದವರು. ಗಂಡ ಲಿವೋನಿಯಾದಲ್ಲಿ ಅಂಗಡಿ ಇಟ್ಟ ಮೇಲೆ ಇಲ್ಲಿಗೆ ಬಂದು ಮನೆಯಲ್ಲೇ ಕುಳಿತಿದ್ದರು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು, ಮಾತಾಡಲು ಮಾತ್ರ ವಿಪರೀತ ನಾಚಿಕೆ. ದಿನಾ ಸಂಜೆ ಅವರ ಮನೆಯಲ್ಲಿ ಹಸಿ ಈರುಳ್ಳಿ, ಪುಟಾಣಿ ಹಿಟ್ಟು ಘಮಘಮಿಸುವ ಮಂಡಕ್ಕಿಯ ಗಿರಮಿಟ್ಟು ತಿನ್ನುತ್ತ ನಮ್ಮ ಆಟ. ಆಂಟಿ ನನ್ನ ಇಂಗ್ಲಿಷ್ ಪುಸ್ತಕದಿಂದ ಒಂದೊಂದೇ ಪದ ಕೂಗುವರು. ನಾಮಪದವಾದರೆ ಓಡಿಹೋಗಿ ಆ ವಸ್ತು ಮುಟ್ಟಬೇಕು, ಕ್ರಿಯಾಪದವಾದರೆ ಮಾಡಿ ತೋರಿಸಬೇಕು, ಗುಣವಾಚಕವಾದರೆ ಮುಖದಲ್ಲೇ ತೋರಿಸಬೇಕು. ಎಲ್ಲೂ ಸೇರದ ಚಿಲ್ಲರೆ ಪದಗಳನ್ನೆಲ್ಲ ಆಂಟಿ ಅವ್ಯಯದ ಡಬ್ಬಿಗೆ ತುಂಬುತ್ತಿದ್ದರು.

ಪರೀಕ್ಷೆಯ ದಿನ ಯಾವ ಪದ ಯಾವ ಜಾತಿಯದೆಂದು ಗೊತ್ತಿತ್ತು, ಆ ಜಾತಿಗಳ ಇಂಗ್ಲಿಷ್ ಹೆಸರುಗಳು ಮಾತ್ರ ತಲೆಯಿಂದ ಹಾರಿಹೋಗಿದ್ದವು. ಖಾಲಿ ಬಿಡುವುದಕ್ಕಿಂತ ವಾಸಿಯೆಂದು ಪ್ರತಿ ಪದದ ಕೆಳಗೂ ಕನ್ನಡದಲ್ಲೇ ನಾಮಪದ, ಕ್ರಿಯಾಪದ ಎಂದು ಬರೆದಿಟ್ಟು ಬಂದೆ. ಮಹಾ ಬುದ್ಧಿವಂತೆ ನಾನು. ಮರುದಿನ ಟೀಚರ್, ಇವಳೇನು ಬರೆದಿದ್ದಾಳೆಂದು ಯಾರಾದರೂ ಬಂದು ಹೇಳಿ ಎಂದು ಚೀಟಿ ಕಳಿಸಿದರು. ಅಮ್ಮನಿಗೆ ವ್ಯಾಕರಣವೆಂದರೆ ದೂರ. ಚೀಟಿ ಹಿಡಿದು ಎದುರುಮನೆಯ ಬಾಗಿಲು ತಟ್ಟಿದಳು.

"ನನ್ನ ಇಂಗ್ಲಿಷ್ ಕೇಳಿದ್ರ ಅವರು ನಗ್ತಾರವ್ವಾ," ಎಂದರು ಆಂಟಿ.

ನಾನು ಅಳತೊಡಗಿದೆ. ಆಂಟಿ ಎದ್ದು ಕೋಟು ಹಾಕಿಕೊಂಡರು.

ಟೀಚರ್ ಎದುರು ಅವರು ಹಾಳೆಯ ಮೇಲೆ ಬೆರಳಿಟ್ಟು ಪ್ರತಿ ಉತ್ತರವನ್ನೂ ಇಂಗ್ಲಿಷ್‌ನಲ್ಲಿ ಹೇಳುತ್ತ ಹೋದರು. ಮೊದಲು ಧ್ವನಿ ನಡುಗುತ್ತಿತ್ತು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಅವರೊಳಗಿನ ಗದಗಿನ ಟೀಚರ್ ಹೊರಬಂದಿದ್ದರು. ಮೇಜಿನ ಮೇಲಿದ್ದ ಕೆಂಪು ಪೆನ್ನು ತಾವೇ ಎತ್ತಿಕೊಂಡು ನನ್ನ ಎರಡು ಉತ್ತರಗಳಿಗೆ ಇಂಟು ಮಾರ್ಕು ಹಾಕಿದರು.

"ಇವೆರಡು ತಪ್ಪ ಅದಾವ. ತಪ್ಪಿಗೆ ತಪ್ಪು ಅನ್ನಬೇಕು ಪುಟ್ಟಿ."

ನನಗೆ ಸಿಟ್ಟೇ ಬಂತು. ಟೀಚರ್ ತಮ್ಮ ಉತ್ತರದ ಹಾಳೆ ನೋಡಿದರು. ಅದರ ಪ್ರಕಾರವೂ ನನ್ನವು ಅವೆರಡೇ ತಪ್ಪು. ನಗುತ್ತ, ನೀವು ಟೀಚರಾ ಎಂದು ಕೇಳಿದರು.

"ಯೆಸ್," ಎಂದರು ಆಂಟಿ. "ಐ ಆ್ಯಮ್ ಟೀಚರ್."

ಹಿಮ ಕರಗುವ ಹೊತ್ತಿಗೆ ನನಗೆ ರೆಕಾರ್ಡರ್ ಸಿಕ್ಕಿತು, ಅಕ್ಕಪಕ್ಕದ ಮನೆಯವರಿಗೆ ತಲೆನೋವು. ಆಂಟಿ ವಾರಕ್ಕೆರಡು ದಿನ ಆ ಚಿಕ್ಕ ಕೋಣೆಯ ಹೊಸ ಮಕ್ಕಳಿಗೆ ಪಾಠ ಹೇಳಿಕೊಡಲು ಬರತೊಡಗಿದರು.

ಆ ಅಪಾರ್ಟ್‌ಮೆಂಟು ಬಿಟ್ಟು ಎಷ್ಟೋ ವರ್ಷವಾಯಿತು. ಅಂದು ಹಾಳೆ ತುಂಬ ಕನ್ನಡ ಬರೆದ ಕೈ ಇಂದು ಒಂದೊಂದು ಒತ್ತಕ್ಷರಕ್ಕೂ ತಡವರಿಸುತ್ತದೆ. ಇಷ್ಟು ಬರೆಯಲು ಮೂರು ಭಾನುವಾರ ಹಿಡಿಯಿತು. ಅದು ನನಗೆ ನಿಜಕ್ಕೂ ನೋವಿನ ಸಂಗತಿ. ಮಗಳಂತೂ ಏನು ಕೇಳಿದರೂ ಇಂಗ್ಲಿಷ್‌ನಲ್ಲೇ ಉತ್ತರ ಕೊಡುತ್ತಾಳೆ. ಕಳೆದ ತಿಂಗಳು ಫೋನಿನಲ್ಲಿ ಆಂಟಿಗೆ ಇದನ್ನು ಹೇಳಿಕೊಂಡಾಗ, ಸ್ಪೀಕರ್ ಹಾಕಿ ಮಗಳನ್ನು ಕರೆ ಎಂದರು. ಹೆಸರು ಕೇಳಿದರು. ಆಮೇಲೆ ಒಂದೇ ಪದ ಕೂಗಿದರು.

"ಜಿಗಿ."

ಮಗಳು ನನ್ನ ಮುಖ ನೋಡಿದಳು. ನಾನು ಜಿಗಿದೆ. ಅವಳೂ ಜಿಗಿದಳು.